ಪತ್ರಿಕೋದ್ಯಮ ಪದವಿ ಇದ್ದರೆ ಕೆಲಸ ಸಿಗುತ್ತಾ? ತರಗತಿ ಕಲಿಸುವುದೇನು, ಸುದ್ದಿಮನೆ ಕೇಳುವುದೇನು?

ಪತ್ರಿಕೋದ್ಯಮದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಕನ್ನಡ ಪತ್ರಿಕೆಗೋ ಸುದ್ದಿತಾಣಕ್ಕೋ ಅರ್ಜಿ ಹಾಕಿದವರಿಗೆ ಮೊದಲು ಎದುರಾಗುವುದು ಹೆಚ್ಚಾಗಿ ಅನುವಾದ ಪರೀಕ್ಷೆ. ಇಂಗ್ಲಿಷ್ ವರದಿಯೊಂದನ್ನು ಕೈಗಿತ್ತು, ಇದನ್ನು ಬೇಗ ಕನ್ನಡಕ್ಕೆ ತನ್ನಿ, ಶೀರ್ಷಿಕೆಯನ್ನೂ ಕೊಡಿ ಎನ್ನುತ್ತಾರೆ. ಸಂವಹನ ಸಿದ್ಧಾಂತದಲ್ಲಿ ಒಳ್ಳೆಯ ಅಂಕ ಪಡೆದವರೂ ತಡವರಿಸುವುದು ಇಲ್ಲೇ. ಹಾಗಾದರೆ ಪದವಿ ವ್ಯರ್ಥವೇ? ಖಂಡಿತ ಅಲ್ಲ. ಆದರೆ ಅದು ಕೊಡುವುದೇನು, ಕೊಡದಿರುವುದೇನು ಎಂಬುದು ಓದುವಾಗಲೇ ಗೊತ್ತಿರಬೇಕು.

ಪದವಿ ಕೊಡುವುದೇನು?

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲೇ ಪತ್ರಿಕೋದ್ಯಮ ಬೋಧನೆ ಶುರುವಾಗಿತ್ತು. ಇಂದು ರಾಜ್ಯದ ಹಲವು ವಿಶ್ವವಿದ್ಯಾಲಯಗಳಲ್ಲಿ ಈ ವಿಭಾಗವಿದೆ. ಇಲ್ಲಿ ಕಲಿಯುವ ವಿಷಯಗಳಲ್ಲಿ ನಿತ್ಯದ ಕೆಲಸಕ್ಕೆ ನೇರವಾಗಿ ನೆರವಾಗುವುದು ಮಾಧ್ಯಮ ಕಾನೂನು ಮತ್ತು ನೀತಿಸಂಹಿತೆ. ದೌರ್ಜನ್ಯಕ್ಕೊಳಗಾದ ಮಗುವಿನ ಗುರುತು ಬಹಿರಂಗಪಡಿಸುವುದನ್ನು ಪೋಕ್ಸೋ ಕಾಯ್ದೆಯ 23ನೇ ಸೆಕ್ಷನ್ ನಿಷೇಧಿಸುತ್ತದೆ. ಮಾನನಷ್ಟ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಅಡಿ ಬರುತ್ತದೆ. ರಾತ್ರಿ ಪಾಳಿಯಲ್ಲಿ ಒಬ್ಬರೇ ಸುದ್ದಿ ಹಾಕುವಾಗ ಇಂಥ ತಿಳಿವಳಿಕೆಯೇ ಕೈಹಿಡಿಯುವುದು. ಇನ್ನು ಕಾಲೇಜು ಉಪನ್ಯಾಸಕರಾಗಲು ಸ್ನಾತಕೋತ್ತರ ಪದವಿ ಬೇಕು.

ಎಡವುವುದು ಎಲ್ಲಿ?

ಕನ್ನಡ ಡೆಸ್ಕ್‌ನ ಕೆಲಸದಲ್ಲಿ ದೊಡ್ಡ ಪಾಲು ಅನುವಾದ. ಪಠ್ಯಕ್ರಮದಲ್ಲಿ ಅದಕ್ಕೆ ಸಿಗುವ ಸಮಯ ಮಾತ್ರ ಕಡಿಮೆ. ನ್ಯಾಯಾಲಯದ ಸುದ್ದಿಯನ್ನೇ ನೋಡಿ. 'ಸ್ಟೇ' ಎಂದರೆ ತಡೆಯಾಜ್ಞೆ, 'ಕ್ವಾಶ್' ಎಂದರೆ ರದ್ದು. ಎರಡನ್ನೂ 'ರದ್ದು' ಎಂದು ಬರೆದರೆ ಸುದ್ದಿಯೇ ಸುಳ್ಳಾಗುತ್ತದೆ. ವಿಚಾರಣೆ ಮುಗಿಯುವ ಮೊದಲೇ 'ಆರೋಪಿ'ಯನ್ನು 'ಅಪರಾಧಿ' ಎಂದರೆ ಒಬ್ಬ ವ್ಯಕ್ತಿಯ ಮಾನಕ್ಕೇ ಕುತ್ತು. ಒಂದು ಬಿಲಿಯನ್ ಅಂದರೆ 100 ಕೋಟಿ. ಅದು 10 ಕೋಟಿಯಾಗಿ ಪ್ರಕಟವಾದರೆ ಓದುಗರ ನಂಬಿಕೆ ಹೋಗುತ್ತದೆ. ಇದರ ಜೊತೆಗೆ ಯೂನಿಕೋಡ್ ಕನ್ನಡದಲ್ಲಿ ವೇಗದ ಟೈಪಿಂಗ್, ಗೂಗಲ್ ಹುಡುಕಾಟಕ್ಕೆ ಹೊಂದುವ ಶೀರ್ಷಿಕೆ, ಮೊಬೈಲ್‌ನಲ್ಲಿ ವಿಡಿಯೋ ಎಡಿಟಿಂಗ್ ಕೂಡ ಬೇಕು. ಯಂತ್ರಾನುವಾದ ಬಂದಿದೆ ನಿಜ. ಆದರೆ ಅದರ ತಪ್ಪು ಹಿಡಿಯಲು ಎರಡೂ ಭಾಷೆ ಬಲ್ಲವರೇ ಬೇಕು.

ಹೊರನಾಡ ಕನ್ನಡಿಗರಿಗೆ?

ಮುಂಬೈ, ಪುಣೆ, ಚೆನ್ನೈ, ದೆಹಲಿಯಲ್ಲಿ ಸಂವಹನ ಓದುವ ಕನ್ನಡಿಗರಿಗೆ ಈ ಕೊರತೆ ಇನ್ನೂ ಹೆಚ್ಚು. ತರಗತಿ ಇಂಗ್ಲಿಷ್‌ನಲ್ಲಿ, ಕನ್ನಡ ಮನೆಮಾತಿನಲ್ಲಿ ಮಾತ್ರ. ದೆಹಲಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಭಾರತೀಯ ಸಮೂಹ ಸಂವಹನ ಸಂಸ್ಥೆ (ಐಐಎಂಸಿ) ಹಿಂದಿ, ಉರ್ದು, ಒಡಿಯಾ, ಮರಾಠಿ, ಮಲಯಾಳಂ ಪತ್ರಿಕೋದ್ಯಮ ಕೋರ್ಸ್‌ಗಳನ್ನು ನಡೆಸಿಕೊಂಡು ಬಂದಿದೆ; ಆ ಪಟ್ಟಿಯಲ್ಲಿ ಕನ್ನಡವಿಲ್ಲ. ಹೀಗಾಗಿ ಬರವಣಿಗೆಯ ಕನ್ನಡವನ್ನು ಸ್ವಂತವಾಗಿಯೇ ರೂಢಿಸಿಕೊಳ್ಳಬೇಕು. ಆದರೆ ಮರಾಠಿ, ತಮಿಳು, ತೆಲುಗು ಅಥವಾ ಹಿಂದಿ ಬಲ್ಲವರು ಆ ರಾಜ್ಯದ ಸುದ್ದಿಯನ್ನು ಇಂಗ್ಲಿಷ್‌ಗೆ ಕಾಯದೆ ಕನ್ನಡಕ್ಕೆ ತರಬಲ್ಲರು. ಕನ್ನಡ ಡೆಸ್ಕ್‌ನಲ್ಲಿ ಇಂಥವರು ವಿರಳ.

ಓದುವಾಗಲೇ ಮಾಡಬೇಕಾದ್ದು

* ದಿನಕ್ಕೊಂದು ಇಂಗ್ಲಿಷ್ ಸುದ್ದಿಯನ್ನು 200 ಪದಗಳ ಕನ್ನಡಕ್ಕೆ ತನ್ನಿ. ಮರುದಿನದ ಪತ್ರಿಕೆಯಲ್ಲಿ ಅದೇ ಸುದ್ದಿ ಹೇಗೆ ಬಂದಿದೆ ಎಂದು ಹೋಲಿಸಿ.
* ಇಂಟರ್ನ್‌ಶಿಪ್ ಅನ್ನು ಪ್ರಮಾಣಪತ್ರಕ್ಕಾಗಿ ಮಾಡಬೇಡಿ. ನಿಮ್ಮ ಪ್ರತಿಯಲ್ಲಿ ಹಿರಿಯರು ಏನನ್ನು ತಿದ್ದಿದರು ಎಂದು ಬರೆದಿಟ್ಟುಕೊಳ್ಳಿ.
* ಪ್ರಕಟವಾದ ಐದಾರು ಬರಹಗಳ ಲಿಂಕ್ ಸಿದ್ಧವಿರಲಿ. ಮುಂಬೈನ 'ಕರ್ನಾಟಕ ಮಲ್ಲ'ದಂಥ ದಿನಪತ್ರಿಕೆ, ಕನ್ನಡ ಸಂಘಗಳ ಪತ್ರಿಕೆಗಳಿಗೂ ಬರೆದು ಕಳಿಸಬಹುದು.

ಲಕ್ಷಾಂತರ ರೂಪಾಯಿ ಶುಲ್ಕ ಕಟ್ಟುವ ಮುನ್ನ ಪೋಷಕರೂ ಕಾಲೇಜಿಗೆ ಒಂದು ಪ್ರಶ್ನೆ ಕೇಳಬಹುದು: ಇಲ್ಲಿ ವಿದ್ಯಾರ್ಥಿಗಳು ವಾರಕ್ಕೆ ಎಷ್ಟು ಸುದ್ದಿ ಬರೆಯುತ್ತಾರೆ, ಅದನ್ನು ತಿದ್ದುವವರು ಯಾರು? ಕಟ್ಟಡ, ಸ್ಟುಡಿಯೋಗಳಿಗಿಂತ ಈ ಉತ್ತರವೇ ಮುಖ್ಯ.