ಕಾರಿನ ಗಾಜೂ ಕಪ್ಪು ಪೊರೆಯೂ

ಹನೂರಿನಿಂದ ಕಾಮಗೆರೆ, ಮಧುವನಹಳ್ಳಿಗಳನ್ನು ದಾಟಿ ಕೊಳ್ಳೇಗಾಲಕ್ಕೆ ಪಡುವಣ ಮುಖವಾಗಿ ಬರುವ ಹಾದಿಯಲ್ಲಿ, ಏಪ್ರಿಲ್ ತಿಂಗಳ ಇಳಿಹೊತ್ತಿನಲ್ಲಿ ಕಾರು ನಡೆಸತಕ್ಕವನ ಮುಖಕ್ಕೂ ಮುಂಗೈಗೂ ತಾಗುವ ಬಿಸಿಲು ಎಂಥದೆಂಬುದನ್ನು ಆ ಸೀಮೆಯವರಿಗೆ ಬಣ್ಣಿಸಿ ಹೇಳಬೇಕಾದುದಿಲ್ಲ. ಮಲೆಯ ಮಾದಪ್ಪನ ಬೆಟ್ಟಸಾಲೂ ಬಿಳಿಗಿರಿರಂಗನ ಬೆಟ್ಟಸಾಲೂ ಕಣ್ಣಿಗೆ ನೀಲಿಯಾಗಿ ಕಾಣುತ್ತವೆಯಾದರೂ ಅವುಗಳ ತಪ್ಪಲಿನ ಬಯಲು ಮಾತ್ರ ಬೇಸಗೆಯಲ್ಲಿ ಕಾದ ಹಂಚಿನಂತೆ ಇರುವುದು. ಹೀಗಿರುವಾಗ ಹೊಸದಾಗಿ ಕಾರು ಕೊಂಡವನು ನಂಬರು ಪ್ಲೇಟು ಬರುವುದಕ್ಕೂ ಮುಂಚೆ ಬಿಡಿಭಾಗಗಳ ಅಂಗಡಿಗೆ ಹೋಗಿ ಗಾಜುಗಳಿಗೆ ಸನ್ ಫಿಲಂ ಹಾಕಿಸಲು ಹವಣಿಸಿದರೆ, ಅವನನ್ನು ಕಾನೂನು ಮುರಿಯಲೆಂದೇ ಹುಟ್ಟಿದವನೆಂದು ಭಾವಿಸುವುದು ಸರಿಯಾಗಲಾರದು. ಅವನಿಗೆ ಬೇಕಾದದ್ದು ತಂಪು. ಅಂಗಡಿಯಲ್ಲಿ ಅವನಿಗೆ ದೊರೆಯುವುದು ಬಹುಮಟ್ಟಿಗೆ ಕತ್ತಲೆ. ಈ ಎರಡೂ ಒಂದೇ ಎಂಬ ನಂಬಿಕೆಯು ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಕಾನೂನು ಕತ್ತಲೆಯನ್ನು ನಿಷೇಧಿಸಿದಾಗ ತಂಪನ್ನೇ ಕಸಿದುಕೊಂಡಿತೆಂದು ಗೊಣಗುವವರೇ ಹೆಚ್ಚು.

ಫಿಲಂ ಅಂಟಿಸುವ ಕೆಲಸವನ್ನು ಹತ್ತಿರದಿಂದ ನೋಡುವುದು ಒಂದು ವಿನೋದ. ಗಾಜಿನ ಒಳಮೈಯನ್ನು ಸಾಬೂನು ನೀರಿನಿಂದ ತೊಳೆದು, ಧೂಳಿನ ಒಂದು ಕಣವೂ ಉಳಿಯದಂತೆ ಬ್ಲೇಡಿನಿಂದ ಹೆರೆದು, ಹಾಳೆಯನ್ನು ಗಾಜಿನ ಹೊರಮೈ ಮೇಲೆ ಹರಡಿ ಅಂಚಿಗೆ ಸರಿಯಾಗಿ ಕತ್ತರಿಸಿ, ಬಿಸಿಗಾಳಿಯ ಗನ್ನಿನಿಂದ ಅದನ್ನು ಕುಗ್ಗಿಸಿ ಗಾಜಿನ ಬಾಗಿಗೆ ಒಗ್ಗಿಸಿದ ಮೇಲೆ, ಅಂಗಡಿಯ ಹುಡುಗನು ಅದನ್ನು ಒಳಗಡೆಗೆ ತಂದು, ರಬ್ಬರಿನ ಪಟ್ಟಿಯಿಂದ ನಡುವಿನಿಂದ ಅಂಚಿಗೆ ನೀರನ್ನು ತಳ್ಳುತ್ತ ಹೋಗುತ್ತಾನೆ. ಒಂದು ಗುಳ್ಳೆ ಉಳಿದರೂ ಅವನಿಗೆ ಸಮಾಧಾನವಿಲ್ಲ. ಕೆಲಸದ ನಡುವೆಯೇ ಮುಂದಿನ ಗಿರಾಕಿಗೆ, “ಡಾರ್ಕ್ ಪೇಪರ್ ಹಾಕುಸ್ಬುಡಿ ಸ್ವಾಮಿ, ಏಸಿ ಒಸಿ ಕಮ್ಮಿ ಮಡಗಿದ್ರೂ ತಣ್ಣಗಿರ್ತದ” ಎಂದು ಅವನು ಹೇಳುವ ಮಾತಿನಲ್ಲಿ ಕಪಟವೇನೂ ಇಲ್ಲ. ಅವನೂ ಅದನ್ನು ನಂಬಿದವನೇ.

ಆದರೆ ಸೂರ್ಯನ ಕಿರಣವು ನಮ್ಮ ನಂಬಿಕೆಗಳನ್ನು ಕೇಳಿ ನಡೆಯುವುದಲ್ಲ. ಭೂಮಿಗೆ ತಲಪುವ ಸೌರಶಕ್ತಿಯಲ್ಲಿ ಕಣ್ಣಿಗೆ ಕಾಣುವ ಬೆಳಕಿನ ಪಾಲು ಅರ್ಧಕ್ಕಿಂತ ಕಡಿಮೆ. ಸುಮಾರು ಅರ್ಧದಷ್ಟು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ರೂಪದಲ್ಲಿ ಬರುತ್ತದೆ. ಉಳಿದ ಅಲ್ಪಾಂಶವೇ ಚರ್ಮವನ್ನು ಸುಡುವ ಅತಿನೇರಳೆ. ಅಗ್ಗದ ಫಿಲಂ ಎಂಬುದು ಬಣ್ಣದಲ್ಲಿ ಅದ್ದಿದ ಪಾಲಿಯೆಸ್ಟರ್ ಹಾಳೆ. ಅದು ಕಾಣುವ ಬೆಳಕನ್ನು ಚೆನ್ನಾಗಿ ತಡೆಯುತ್ತದೆ, ಅವಕೆಂಪನ್ನು ಬಹುಪಾಲು ಒಳಗೆ ಬಿಡುತ್ತದೆ. ತಾನು ಹೀರಿಕೊಂಡ ಶಾಖದಿಂದ ಗಾಜನ್ನೇ ಕಾಯಿಸಿ, ಆ ಕಾದ ಗಾಜು ಒಳಗಿನವರ ಭುಜದ ಕಡೆಗೂ ಶಾಖವನ್ನು ಸೂಸುವಂತೆ ಮಾಡುತ್ತದೆ. ಕಾರು ಓಡುತ್ತಿರುವಾಗ ಹೊರಗಿನ ಗಾಳಿಯು ಆ ಶಾಖದ ಒಂದು ಪಾಲನ್ನು ಒಯ್ಯುವುದರಿಂದ ಸ್ವಲ್ಪ ಉಪಕಾರವಾಗುವುದು ಸುಳ್ಳಲ್ಲ. ಕಣ್ಣಿಗೆ ಝಳಪು ತಗ್ಗಿದ ಕೂಡಲೇ ಮೈಗೂ ತಂಪಾಯಿತೆಂದು ಮನಸ್ಸು ಒಪ್ಪಿಕೊಂಡುಬಿಡುವುದೂ ಸುಳ್ಳಲ್ಲ. ಇದಕ್ಕೆ ಪ್ರತಿಯಾಗಿ, ಸೆರಾಮಿಕ್ ಕಣಗಳನ್ನು ಸೇರಿಸಿ ತಯಾರಿಸಿದ ಹಾಳೆಗಳು ಗಾಜಿನಷ್ಟೇ ತಿಳಿಯಾಗಿ ಕಾಣುತ್ತಿದ್ದರೂ ಅವಕೆಂಪು ಕಿರಣವನ್ನು ತಡೆಯಬಲ್ಲವು. ಲೋಹದ ತೆಳುಪದರವುಳ್ಳ ಹಾಳೆಗಳೂ ಶಾಖವನ್ನು ಹಿಂದಕ್ಕೆ ಹೊಡೆಯುತ್ತವೆ. ಆದರೆ ಅವು ಮೊಬೈಲಿನ ಸಂಕೇತಕ್ಕೂ, ಮುಂಗಾಜಿಗೆ ಅಂಟಿಸಿದ ಫಾಸ್ಟ್ಯಾಗಿಗೂ ಅಡ್ಡಿ ಮಾಡುವುದುಂಟು. ಇಷ್ಟು ಹೇಳಿದ ಮೇಲೆ ಇನ್ನೊಂದನ್ನು ಹೇಳದೆ ಬಿಡಲಾಗದು: ಮೇಲೆ ಹೇಳಿದ ಹನೂರಿನ ಹಾದಿಯ ಇಳಿಬಿಸಿಲು ಒಳಗೆ ನುಗ್ಗುವುದು ಪಕ್ಕದ ಗಾಜುಗಳಿಂದಲ್ಲ, ಓರೆಯಾಗಿ ಮಲಗಿರುವ ವಿಶಾಲವಾದ ಮುಂಗಾಜಿನಿಂದ. ಅದಕ್ಕೆ ಕಪ್ಪು ಹಾಳೆ ಅಂಟಿಸುವ ಧೈರ್ಯವನ್ನು ಯಾರೂ ಮಾಡುವುದಿಲ್ಲ. ಬಿಸಿಲು ಬರುವ ಬಾಗಿಲನ್ನು ತೆರೆದಿಟ್ಟು ಕಿಟಕಿಗಳನ್ನು ಮುಚ್ಚಿಕೊಂಡು ಕೂತಂತೆ ಆಯಿತು.

ಗಾಜಿನ ವಿಚಾರಕ್ಕೆ ಬರೋಣ. ಕಾರಿನ ಮುಂಗಾಜು ಎರಡು ಗಾಜಿನ ಹಲಗೆಗಳ ನಡುವೆ ಪ್ಲಾಸ್ಟಿಕ್ ಪದರವನ್ನು ಸೇರಿಸಿ ಒತ್ತಿದ ಲ್ಯಾಮಿನೇಟೆಡ್ ಗಾಜು. ಒಡೆದರೂ ಚೂರುಗಳು ಆ ಪದರಕ್ಕೇ ಅಂಟಿಕೊಂಡು ನಿಲ್ಲುತ್ತವೆ. ಈ ಬಗೆಯ ಗಾಜಿಗೆ ಫ್ರಾನ್ಸಿನ ಎದುವಾರ್ ಬೆನೆದಿಕ್ತುಸ್ ಎಂಬವನು 1909ರಲ್ಲಿ ಪೇಟೆಂಟ್ ಪಡೆದನು. ಪಕ್ಕದ ಗಾಜುಗಳಾದರೋ ಸಾಮಾನ್ಯವಾಗಿ ಕಾಯಿಸಿ ಹಠಾತ್ತನೆ ತಣಿಸಿ ಗಟ್ಟಿಮಾಡಿದವು. ಏಟು ಬಿದ್ದರೆ ಕಲ್ಲುಸಕ್ಕರೆಯ ಹರಳಿನಷ್ಟು ಚಿಕ್ಕ ಚೂರುಗಳಾಗಿ ಉದುರುತ್ತವೆ, ಚೂರಿಯಂತೆ ಮೈಗೆ ನಾಟುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಾವಳಿ, 1989ರ 100ನೆಯ ನಿಯಮವು ಇಂಥ ಸುರಕ್ಷಾ ಗಾಜನ್ನೇ ಬಳಸಬೇಕೆಂದು ವಿಧಿಸಿ, ಮುಂಗಾಜಿನಲ್ಲಿಯೂ ಹಿಂಗಾಜಿನಲ್ಲಿಯೂ ಬೆಳಕು ಹಾಯುವ ಪ್ರಮಾಣವು ಶೇ. 70ಕ್ಕೆ ಕಡಿಮೆಯಾಗಕೂಡದು, ಪಕ್ಕದ ಗಾಜುಗಳಲ್ಲಿ ಶೇ. 50ಕ್ಕೆ ಕಡಿಮೆಯಾಗಕೂಡದು ಎಂದು ಗೊತ್ತುಪಡಿಸಿತು. ಕಾರ್ಖಾನೆಯಿಂದ ಬರುವ ಗಾಜನ್ನು ಅಂಚಿನಲ್ಲಿ ನೋಡಿದರೆ ನಸುಹಸಿರಾಗಿ ಕಾಣುವುದಷ್ಟೆ. ಆ ಬಣ್ಣವೇ ಬೆಳಕಿನ ಒಂದಿಷ್ಟನ್ನು ನುಂಗಿರುತ್ತದೆ.

ಇಲ್ಲಿಯೇ ಬಹುಜನರ ಲೆಕ್ಕ ತಪ್ಪುವುದು. ಗಾಜು ಶೇ. 75ರಷ್ಟು ಬೆಳಕನ್ನು ಬಿಡುವುದೆಂದು ಇಟ್ಟುಕೊಳ್ಳಿ. ಅದರ ಮೇಲೆ “50 ಪರ್ಸೆಂಟಿನ” ಫಿಲಂ ಅಂಟಿಸಿದರೆ ಒಳಗೆ ಬರುವುದು ಶೇ. 50 ಅಲ್ಲ, 75ರ ಅರ್ಧವಾದ ಶೇ. 37.5. ಅಂಗಡಿಯವನು ಹಾಳೆಯ ಹೊದಿಕೆಯ ಮೇಲಿನ ಅಂಕಿಯನ್ನು ತೋರಿಸಿ, “ಇದು ಲೀಗಲ್” ಎಂದು ಹೇಳಿದ ಮಾತು ಹಾಳೆಯ ಮಟ್ಟಿಗೆ ನಿಜವಿದ್ದೀತು, ಕಾರಿನ ಮಟ್ಟಿಗೆ ಅಲ್ಲ. ಅದೇ ಗಾಜಿನ ಮೇಲೆ ಶೇ. 70ರ ಹಾಳೆ ಹಾಕಿದರೆ ಶೇ. 52.5 ಉಳಿದು ಪಕ್ಕದ ಗಾಜು ಹೇಗೋ ಮಿತಿಯೊಳಗೆ ನಿಲ್ಲುವುದು. ಪೇಟೆಯ ಹುಡುಗರು ಮೆಚ್ಚುವ ಶೇ. 20ರ ಹಾಳೆ ಹಾಕಿದರೆ ಉಳಿಯುವುದು ಶೇ. 15.

ಈ ಶೇ. 15 ಹಗಲಿನಲ್ಲಿ ಸಾಕಾದೀತು. ಆದರೆ ಕೊಳ್ಳೇಗಾಲದಿಂದ ಮಾದಪ್ಪನ ಬೆಟ್ಟಕ್ಕೆ ಹೋಗುವ ಸುಮಾರು 80 ಕಿಲೋಮೀಟರ್ ಹಾದಿಯನ್ನು ರಾತ್ರಿಯ ಹೊತ್ತು ಬಲ್ಲವರು ಇದನ್ನು ಬೇರೆ ಬಗೆಯಾಗಿ ಯೋಚಿಸುವರು. ಶಿವರಾತ್ರಿಗೂ ದೀಪಾವಳಿಗೂ ಮೈಸೂರು, ಮಂಡ್ಯ, ರಾಮನಗರ, ಬೆಂಗಳೂರುಗಳ ಕಡೆಯಿಂದ ಬರಿಗಾಲಿನಲ್ಲಿ ನಡೆದುಬರುವ ಭಕ್ತರು, ಬಿಸಿಲಿಗೆ ಅಂಜಿ, ರಾತ್ರಿಯಲ್ಲಿಯೇ ರಸ್ತೆಯ ಅಂಚು ಹಿಡಿದು ಸಾಗುತ್ತಾರೆ. ಹಿಂಬದಿಗೆ ಕೆಂಪುದೀಪವಿಲ್ಲದ ಕಬ್ಬಿನ ಗಾಡಿಗಳು ಎದುರಾಗುತ್ತವೆ. ತಾಳಬೆಟ್ಟವನ್ನು ದಾಟಿ ಘಟ್ಟ ಹತ್ತತೊಡಗಿದ ಮೇಲಂತೂ ತಿರುವುಗಳಲ್ಲಿ ಚಾಲಕನು ನೋಡಬೇಕಾದದ್ದು ದೀಪದ ಬೆಳಕು ಬೀಳುವ ನೇರದ ರಸ್ತೆಯನ್ನಲ್ಲ, ಪಕ್ಕದ ಗಾಜಿನ ಮೂಲಕ ತಿರುವಿನ ದೀಪ ಬೀಳದ ಒಳಮೂಲೆಯನ್ನು. ಯಳಂದೂರಿನಿಂದ ಗುಂಬಳ್ಳಿಯ ಮೇಲೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವ ಹಾದಿಯು 2011ರಿಂದ ಹುಲಿ ಸಂರಕ್ಷಿತ ಪ್ರದೇಶವಾಗಿರುವ ಕಾಡಿನೊಳಗೆ ಹಾಯುವುದು. ಮುಸ್ಸಂಜೆಯಲ್ಲಿ ಬಿದಿರಿನ ಮರೆಯಲ್ಲಿ ನಿಂತ ಆನೆಯ ಬೂದುಬಣ್ಣವು ತಿಳಿಗಾಜಿನಲ್ಲಿಯೇ ಕಾಣುವುದು ಕಷ್ಟ. ಅಡ್ಡಾಡುವವನಿಗೂ ಇದರಲ್ಲಿ ಪಾಲುಂಟು. ರಸ್ತೆ ದಾಟಲು ನಿಂತ ಮುದುಕಿಯು ಚಾಲಕನ ಮುಖವನ್ನು ನೋಡಿ, ಅವನು ತನ್ನನ್ನು ಕಂಡನೆಂಬುದನ್ನು ತಿಳಿದ ಮೇಲೆಯೇ ಹೆಜ್ಜೆಯಿಡುತ್ತಾಳೆ. ಕಪ್ಪು ಗಾಜು ಆ ಮಾತಿಲ್ಲದ ಒಪ್ಪಂದವನ್ನು ಕಡಿದುಹಾಕುವುದು.

ಇಷ್ಟೆಲ್ಲ ಇದ್ದರೂ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ವ್ಯಾಜ್ಯದಲ್ಲಿ ಮುಖ್ಯವಾಗಿ ಚರ್ಚೆಗೆ ಬಂದದ್ದು ಅಪಘಾತಕ್ಕಿಂತ ಹೆಚ್ಚಾಗಿ ಅಪರಾಧ. ಕಪ್ಪು ಗಾಜಿನ ಮರೆಯಲ್ಲಿ ನಡೆಯುವ ದುಷ್ಕೃತ್ಯಗಳನ್ನು ಮುಂದಿಟ್ಟು ಅವಿಷೇಕ್ ಗೋಯೆಂಕಾ ಎಂಬವರು ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯನ್ನು ಹಾಕಿದ್ದರು. ಮುಖ್ಯ ನ್ಯಾಯಮೂರ್ತಿ ಎಸ್. ಎಚ್. ಕಪಾಡಿಯಾ ಅವರ ಪೀಠವು 2012ರ ಏಪ್ರಿಲ್ 27ರಂದು ತೀರ್ಪಿತ್ತು, ಮೇ 4ರಿಂದ ಅನ್ವಯಿಸುವಂತೆ, ಬೆಳಕು ಹಾಯುವ ಪ್ರಮಾಣ ಎಷ್ಟೇ ಇರಲಿ, ಗಾಜಿನ ಮೇಲೆ ಕಪ್ಪು ಫಿಲಂ ಆಗಲಿ ಮತ್ತಾವ ವಸ್ತುವಾಗಲಿ ಅಂಟಿಸತಕ್ಕದ್ದಲ್ಲವೆಂದು ಆಜ್ಞಾಪಿಸಿತು. ಅದರ ತರ್ಕವು ಸರಳವಾದುದು: ನಿಯಮವು ಶೇ. 70, ಶೇ. 50 ಎಂದು ಹೇಳಿರುವುದು ಗಾಜಿನ ವಿಷಯವಾಗಿ. ಗಾಜು ಹಾಗೆ ತಯಾರಾಗಿ ಹಾಗೆಯೇ ಉಳಿಯಬೇಕೇ ಹೊರತು, ತಯಾರಾದ ಗಾಜಿಗೆ ಮಾಲೀಕನು ಮತ್ತೊಂದನ್ನು ಮೆತ್ತಲು ನಿಯಮದಲ್ಲಿ ಎಡೆಯಿಲ್ಲ. ಅತ್ಯುನ್ನತ ಭದ್ರತೆಯ ಶ್ರೇಣಿಯಲ್ಲಿರುವ ಕೆಲವರಿಗೆ ಮಾತ್ರ ವಿನಾಯಿತಿಗೆ ಅವಕಾಶ ಉಳಿಯಿತು. ಉಳಿದ ‘ಗಣ್ಯ’ರು ತಮ್ಮ ಗಣ್ಯತೆಯನ್ನು ತಿಳಿಗಾಜಿನ ಹಿಂದೆಯೇ ಕಾಪಾಡಿಕೊಳ್ಳಬೇಕಾಯಿತು, ನನ್ನ ಮಟ್ಟಿಗೆ ಆ ತೀರ್ಪಿನ ಅತ್ಯಂತ ಸ್ವಾರಸ್ಯವಾದ ಭಾಗ ಇದೇ.

ಒಳಗೆ ಯಾರಿದ್ದಾರೆಂಬ ಪ್ರಶ್ನೆಯು ಈ ಸೀಮೆಗೆ ಹೊಸದಲ್ಲ. ಕಾಡುಗಳ್ಳ ವೀರಪ್ಪನ್ ಹುಟ್ಟಿದ ಗೋಪಿನಾಥಂ ಇಂದಿನ ಹನೂರು ತಾಲ್ಲೂಕಿಗೆ ಸೇರಿದ್ದು. 1990ರ ದಶಕದಲ್ಲಿ ಈ ಕಾಡುಹಾದಿಗಳಲ್ಲಿ ವಿಶೇಷ ಕಾರ್ಯಪಡೆಯವರ ಮುಂದೆ ವಾಹನ ನಿಲ್ಲಿಸಿ, ಟಾರ್ಚಿನ ಬೆಳಕಿಗೆ ಮುಖವೊಡ್ಡಿ ಮುಂದೆ ಸಾಗಿದವರು ಇಂದಿಗೂ ಅನೇಕರಿದ್ದಾರೆ. ಕೊನೆಗೆ 2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿಯ ಬಳಿ ಅವನ ಅಂತ್ಯವಾದದ್ದು ತಮಿಳುನಾಡಿನ ಕಾರ್ಯಪಡೆಯು ಆಂಬುಲೆನ್ಸಿನ ವೇಷ ತೊಡಿಸಿದ್ದ ಒಂದು ವಾಹನದಲ್ಲಿ ಎಂಬುದು ಎಲ್ಲರೂ ಬಲ್ಲ ಸಂಗತಿ. ವಾಹನದ ಹೊರಮೈಯನ್ನು ನೋಡಿ ಒಳಗಿನದನ್ನು ಊಹಿಸುವುದು ಎಂಥ ಅಪಾಯದ ಕೆಲಸವೆಂಬುದನ್ನು ಕಾಯುವವರೂ ಕಲಿತರು, ಅಡಗಿದವರೂ ಕಲಿತರು.

ಗಾಜಿಗೆ ಏನನ್ನೂ ಅಂಟಿಸಬಾರದೆಂಬ ಸರ್ವೋಚ್ಚ ನ್ಯಾಯಾಲಯದ ಮಾತು ಅಲ್ಲಿಗೇ ಮುಗಿಯಲಿಲ್ಲ. ಕೇಂದ್ರ ಸರ್ಕಾರವು 2020ರಲ್ಲಿ 100ನೆಯ ನಿಯಮಕ್ಕೆ ತಿದ್ದುಪಡಿ ತಂದು, 2021ರ ಏಪ್ರಿಲ್ 1ರಿಂದ, ‘ಸುರಕ್ಷಾ ಗಾಜು’ ಎಂದಿದ್ದ ಕಡೆಯಲ್ಲಿ ‘ಸೇಫ್ಟಿ ಗ್ಲೇಜಿಂಗ್’ ಎಂಬುದನ್ನು ಸೇರಿಸಿತು. ಭಾರತೀಯ ಮಾನಕ 2553ರ 2019ರ ಪರಿಷ್ಕರಣೆಯಂತೆ, ಒಳಮೈಗೆ ಪ್ಲಾಸ್ಟಿಕ್ ಪದರವಿರುವ ಗಾಜೂ ಇದರಲ್ಲಿ ಅಡಕವಾಗುವುದು. ಇದನ್ನು ಆಧಾರವಾಗಿಟ್ಟುಕೊಂಡು ಕೇರಳ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಎನ್. ನಗರೇಶ್ ಅವರು 2024ರ ಸೆಪ್ಟೆಂಬರಿನಲ್ಲಿ, ಶೇ. 70 ಮತ್ತು ಶೇ. 50ರ ಮಿತಿಯು ಮುರಿಯದಿದ್ದರೆ ಮಾಲೀಕನು ಅಂಥ ಪದರವನ್ನು ಹಾಕಿಸಿಕೊಂಡದ್ದಕ್ಕೆ ದಂಡ ವಿಧಿಸಲಾಗದೆಂದು ತೀರ್ಪಿತ್ತರು. ಈ ಸುದ್ದಿ ಬಂದ ಬೆನ್ನಿಗೇ, “ಈಗ ಎಲ್ಲಾ ಫ್ರೀ” ಎಂಬ ಮಾತು ಅಂಗಡಿಗಳಲ್ಲಿ ಹಬ್ಬಿತು. ಅದು ಹಾಗಲ್ಲ. ಮಿತಿ ಹಾಗೆಯೇ ಇದೆ. ಮುಖ ಕಾಣದಂಥ ಕಪ್ಪು ಹಾಳೆ ಕೇರಳದಲ್ಲಿಯೂ ಅಪರಾಧವೇ. ಅಲ್ಲದೆ ಒಂದು ರಾಜ್ಯದ ಉಚ್ಚ ನ್ಯಾಯಾಲಯದ ಮಾತನ್ನು ಮತ್ತೊಂದು ರಾಜ್ಯದಲ್ಲಿ ವಾದಕ್ಕೆ ಬಳಸಬಹುದೇ ಹೊರತು, ಅದನ್ನು ಅಪ್ಪಣೆಯೆಂದು ಪೊಲೀಸರ ಮುಂದೆ ಹಿಡಿಯಲಾಗದು. 1956ರವರೆಗೆ ಕೊಳ್ಳೇಗಾಲವು ಮದರಾಸಿನ ಕೊಯಮತ್ತೂರು ಜಿಲ್ಲೆಯದಾಗಿಯೂ, ನೆರೆಯ ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದು ಮೈಸೂರು ಸಂಸ್ಥಾನದ್ದಾಗಿಯೂ ಇದ್ದುದನ್ನು ನೆನೆದರೆ, ಗಡಿ ದಾಟಿದರೆ ಕಟ್ಟಳೆ ಬೇರೆ ಎಂಬುದು ಇಲ್ಲಿಯ ಹಿರಿಯರಿಗೆ ಹೊಸ ಪಾಠವೇನೂ ಆಗಲಾರದು.

ದೇಶದ ಗಡಿಯಾಚೆಗೂ ಹೀಗೆಯೇ: ಬ್ರಿಟನ್ನಿನಲ್ಲಿ ಈಗಿನ ಕಾರುಗಳ ಮುಂಗಾಜು ಶೇ. 75ರಷ್ಟು, ಮುಂದಿನ ಪಕ್ಕದ ಗಾಜುಗಳು ಶೇ. 70ರಷ್ಟು ಬೆಳಕನ್ನು ಬಿಡಬೇಕು. ಹಿಂದೆ ಕೂತವರ ಕಿಟಕಿಗೆ ಮಿತಿಯೇ ಇಲ್ಲ. ಅಲ್ಲಿಯ ಕಾನೂನಿನ ಚಿಂತೆ ಚಾಲಕನ ದೃಷ್ಟಿಯೊಂದೇ. ನಮ್ಮದಕ್ಕೆ ಹಿಂದಿನ ಆಸನದ ಮೇಲೂ ಕಣ್ಣು.

ನಮ್ಮಲ್ಲಿ ಕೇಂದ್ರ ಮೋಟಾರು ವಾಹನ ಕಾಯ್ದೆಯ 177ನೆಯ ಸೆಕ್ಷನ್ನಿನಂತೆ, 2019ರ ತಿದ್ದುಪಡಿಯ ತರುವಾಯ, ಗಾಜಿನ ನಿಯಮದ ಉಲ್ಲಂಘನೆಗೆ ಮೊದಲ ಸಲ 500 ರೂಪಾಯಿ, ಮರಳಿ ಸಿಕ್ಕಿದರೆ 1,500 ರೂಪಾಯಿವರೆಗೆ ದಂಡವುಂಟು. ಕಾರನ್ನೇ ಕೊಂಡವನಿಗೆ ಅದು ಹೊರೆಯಲ್ಲ. ರಸ್ತೆಯ ಬದಿಯಲ್ಲಿ ನಿಂತು ಹಾಳೆಯನ್ನು ಕೀಳಿಸಿಕೊಳ್ಳುವುದೇ ನಿಜವಾದ ಶಿಕ್ಷೆ. ತಂಪೇ ಬೇಕಾದವನು ನಿಲ್ಲಿಸಿದ ಕಾರಿನ ಮುಂಗಾಜಿಗೆ ಬೆಳ್ಳಿಬಣ್ಣದ ಮಡಚುವ ಪರದೆ ಹಾಕಿ, ಹೊರಡುವಾಗ ಎರಡು ನಿಮಿಷ ನಾಲ್ಕೂ ಕಿಟಕಿ ಇಳಿಸಿ ಒಳಗಿನ ಬಿಸಿಗಾಳಿಯನ್ನು ಹೊರದೂಡಿ, ಆಮೇಲೆ ಏಸಿ ಹಾಕಿದರೆ ಅರ್ಧ ಕೆಲಸ ಮುಗಿದಂತೆ.

ಹಳೆಯ ಕಾರನ್ನು ಕೊಂಡವರಿಗೆ ಮತ್ತೊಂದು ತೊಡಕು. ಬಣ್ಣದಲ್ಲಿ ಅದ್ದಿದ ಹಾಳೆಯು ಕೆಲವು ಬೇಸಗೆಗಳನ್ನು ಕಂಡಮೇಲೆ ನೇರಳೆಗೆ ತಿರುಗಿ, ಅಂಚಿನಲ್ಲಿ ಗುಳ್ಳೆಯೆದ್ದು, ಎದುರು ದೀಪವು ಆ ಗುಳ್ಳೆಗಳಲ್ಲಿ ಚೆದುರಿ ಕಣ್ಣು ಕುಕ್ಕುತ್ತದೆ, ಅದನ್ನು ಕೀಳಿಸಲೇಬೇಕು. ಪಕ್ಕದ ಗಾಜುಗಳಲ್ಲಿ ಹಾಳೆ ಬಿಟ್ಟ ಮೇಲೆ ಉಳಿಯುವ ಗೋಂದನ್ನು ಬ್ಲೇಡಿನಿಂದ ಹೆರೆಯಬಹುದು. ಹಿಂಗಾಜಿನಲ್ಲಿ ಹಾಗೆ ಮಾಡಗೊಡಬಾರದು: ಅದರ ಒಳಮೈಯಲ್ಲಿ ಮಂಜನ್ನು ಕರಗಿಸುವ ಕಂದುಬಣ್ಣದ ಗೆರೆಗಳು ಅಚ್ಚೊತ್ತಿರುತ್ತವೆ, ಬ್ಲೇಡು ಒಮ್ಮೆ ಅಡ್ಡ ಹಾಯ್ದರೆ ಆ ಗೆರೆ ಸತ್ತಂತೆಯೇ. ಆ ಗಾಜೊಂದನ್ನು ಮಾತ್ರ ಬಿಸಿ ಆವಿ ಹಿಡಿದು ನಿಧಾನವಾಗಿ ಬಿಡಿಸೆಂದು ಹುಡುಗನಿಗೆ ಮೊದಲೇ ಹೇಳಿ, ಅವನು ಕೆಲಸ ಮುಗಿಸುವವರೆಗೆ ಪಕ್ಕದಲ್ಲೇ ನಿಂತಿರುವುದು ಒಳ್ಳೆಯದು.