25ಕ್ಕೆ ಎಷ್ಟು? ಶ್ವಾಸಕೋಶ ಓದಿದ ಕಣ್ಣುಗಳ ಕತೆ

2021ರ ಏಪ್ರಿಲ್, ಮೇ ತಿಂಗಳು, ಕೋವಿಡ್ ಎರಡನೇ ಅಲೆ. ಪಶ್ಚಿಮ ಬೆಂಗಳೂರಿನ ವಿಜಯನಗರ, ರಾಜಾಜಿನಗರ, ಬಸವೇಶ್ವರನಗರದ ಮನೆಗಳಲ್ಲಿ ಫೋನ್ ಎತ್ತಿದರೆ ಮೊದಲ ಪ್ರಶ್ನೆ ಒಂದೇ: ‘ಸಿ.ಟಿ. ಸ್ಕೋರ್ ಎಷ್ಟು ಬಂತು?’ 25ಕ್ಕೆ ಆರೋ ಏಳೋ ಎಂದರೆ ಆ ಬದಿಯವರಿಗೆ ಸಮಾಧಾನ. ಹದಿನೆಂಟು ಎಂದರೆ ಮಾತು ನಿಂತುಹೋಗುತ್ತಿತ್ತು. ಆಕ್ಸಿಜನ್ ಬೆಡ್ ಎಲ್ಲಿ ಸಿಗುತ್ತದೆ ಎಂಬ ಹುಡುಕಾಟ ಶುರುವಾಗುತ್ತಿತ್ತು. ಸ್ಕ್ಯಾನಿಂಗ್ ಸೆಂಟರ್‌ಗಳ ಹೊರಗೆ ಕೆಮ್ಮುತ್ತಾ ಕಾಯುವವರ ಸಾಲು. ಅತ್ತ ಮಾಗಡಿ ರಸ್ತೆಯ ಸುಮನಹಳ್ಳಿ ಚಿತಾಗಾರದ ಮುಂದೆ ಆಂಬುಲೆನ್ಸ್‌ಗಳ ಸಾಲು. ಮೊದಲ ಸಾಲಿನಲ್ಲಿದ್ದವರು ಎರಡನೆಯದಕ್ಕೆ ಸೇರದಂತೆ ನೋಡಿಕೊಳ್ಳುವ ಕೆಲಸದಲ್ಲಿ ಆ ಅಂಕಕ್ಕೂ ಒಂದು ಪಾಲಿತ್ತು.

ಅಂಕ ಕೊಟ್ಟವರು ಯಾರೆಂದು ಕೇಳಿದವರು ಕಡಿಮೆ. ವಾಟ್ಸ್‌ಆ್ಯಪ್‌ಗೆ ಬಂದ ರಿಪೋರ್ಟಿನ ಕೊನೆಯಲ್ಲಿ ಒಂದು ಸಹಿ ಇರುತ್ತಿತ್ತು, ಅಷ್ಟೆ. ರೋಗಿಯ ಎದೆಯ ಒಳಗನ್ನು ಇಂಚಿಂಚೂ ನೋಡಿದ ರೇಡಿಯಾಲಜಿಸ್ಟ್ ಅನೇಕ ವೇಳೆ ರೋಗಿಯ ಮುಖವನ್ನೇ ನೋಡಿರುತ್ತಿರಲಿಲ್ಲ. ಆದರೆ ಆ ಅಂಕ ಒಂದೆರಡು ತಿಂಗಳಲ್ಲಿ ಹುಟ್ಟಿದ್ದಲ್ಲ. ಅದರ ಹಿಂದೆ ಹಲವು ದಶಕಗಳ ದಾರಿಯಿದೆ, ಮತ್ತು ಆ ದಾರಿ ನಮ್ಮ ಕೋಲಾರ, ತುಮಕೂರು, ಬೆಂಗಳೂರುಗಳನ್ನು ಹಾದು ಬಂದಿದೆ. ಯಂತ್ರ ಕೊಡುವುದು ಚಿತ್ರವನ್ನು ಮಾತ್ರ. ಒಬ್ಬರು ಓದಿದ್ದನ್ನೇ ಇನ್ನೊಬ್ಬರೂ ಓದುವಂತೆ ಮಾಡಿದ ಶಿಸ್ತು ಇಲ್ಲದಿದ್ದರೆ ಆ ಚಿತ್ರ ಯಾರ ಜೀವವನ್ನೂ ಉಳಿಸುತ್ತಿರಲಿಲ್ಲ.

ಚಿನ್ನದ ಗಣಿಯ ದೂಳು

ವಿಲ್‌ಹೆಲ್ಮ್ ರಾಂಟ್‌ಜೆನ್ ಎಕ್ಸ್‌ರೇ ಕಂಡುಹಿಡಿದದ್ದು 1895ರ ನವೆಂಬರ್ 8ರಂದು. ಮುರಿದ ಮೂಳೆ, ಹೊಕ್ಕ ಗುಂಡು ನೋಡಲು ಅದು ಬೇಗ ಬಳಕೆಗೆ ಬಂತು. ಎದೆಯ ಚಿತ್ರ ಓದುವುದು ಮಾತ್ರ ಸುಲಭವಾಗಿರಲಿಲ್ಲ. ಮುರಿದ ಮೂಳೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಶ್ವಾಸಕೋಶದ ನೆರಳು ಹಾಗಲ್ಲ.

ಕರ್ನಾಟಕದಲ್ಲಿ ಆ ನೆರಳಿಗೆ ದೊಡ್ಡ ಅರ್ಥ ಬಂದದ್ದು ಕೋಲಾರ ಚಿನ್ನದ ಗಣಿಗಳಲ್ಲಿ. ಚಿನ್ನ ಹುದುಗಿದ್ದು ಬೆಣಚುಕಲ್ಲಿನಲ್ಲಿ. ಅದನ್ನು ಕೊರೆದಾಗ ಏಳುವ ಸಿಲಿಕಾ ದೂಳು ಶ್ವಾಸಕೋಶದಲ್ಲಿ ಕೂತು ಗಂಟುಗಂಟಾಗಿ ಕಲೆ ಕಟ್ಟುತ್ತದೆ. ಅದೇ ಸಿಲಿಕೋಸಿಸ್. ಒಮ್ಮೆ ಬಂದರೆ ವಾಸಿಯಾಗದು, ಮೇಲಿಂದ ಕ್ಷಯವನ್ನೂ ಕರೆತರುತ್ತದೆ. ಮೈಸೂರು ಸಂಸ್ಥಾನ 1940ರಲ್ಲಿ ಸಿಲಿಕೋಸಿಸ್ ನಿಯಮಗಳನ್ನು ತಂದಿತು. ಆ ದಶಕದಲ್ಲಿ ವೈದ್ಯ ಆಂಥೊನಿ ಕ್ಯಾಪ್ಲನ್ ಮತ್ತು ಸಂಗಡಿಗರು ಏಳು ಸಾವಿರಕ್ಕೂ ಹೆಚ್ಚು ಗಣಿ ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇ 40ಕ್ಕೂ ಹೆಚ್ಚು ಮಂದಿಯಲ್ಲಿ ರೋಗದ ಗುರುತು ಸಿಕ್ಕಿತು.

ಇದೇ ಕ್ಯಾಪ್ಲನ್ ಮುಂದೆ ವೇಲ್ಸ್‌ನ ಕಾರ್ಡಿಫ್‌ಗೆ ಹೋಗಿ ಕಲ್ಲಿದ್ದಲು ಗಣಿಯವರ ಎದೆಯ ಫಿಲ್ಮ್‌ಗಳನ್ನು ನೋಡತೊಡಗಿದರು. ಕೀಲುವಾತ ಇರುವ ಕೆಲವು ಕಾರ್ಮಿಕರ ಎಕ್ಸ್‌ರೇಗಳಲ್ಲಿ ದುಂಡನೆಯ, ಬೇರೆ ಬಗೆಯ ಗಂಟುಗಳಿದ್ದವು. 1953ರಲ್ಲಿ ಅವರು ಅದನ್ನು ಬರೆದು ಪ್ರಕಟಿಸಿದರು. ಇಂದಿಗೂ ವೈದ್ಯಕೀಯ ಪಠ್ಯಗಳಲ್ಲಿ ಅದರ ಹೆಸರು ‘ಕ್ಯಾಪ್ಲನ್ ಸಿಂಡ್ರೋಮ್’. ನಮ್ಮ ಗಣಿ ಕಾರ್ಮಿಕರ ಎದೆಯ ದೂಳನ್ನು ಅಧ್ಯಯನ ಮಾಡಿದ ವೈದ್ಯ ಅವರು.

ಗಣಿಗಳಲ್ಲಿ ಎಕ್ಸ್‌ರೇ ಎಂದರೆ ರೋಗಪತ್ತೆಯಷ್ಟೇ ಅಲ್ಲ, ಪರಿಹಾರದ ಹಣವೂ ಹೌದು. ಒಬ್ಬ ವೈದ್ಯರು ‘ಇದೆ’ ಎಂದು, ಇನ್ನೊಬ್ಬರು ‘ಇಲ್ಲ’ ಎಂದರೆ ಕಾರ್ಮಿಕನ ಸಂಸಾರದ ಗತಿಯೇನು? 1930ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ನಡೆಸಿದ ಸಿಲಿಕೋಸಿಸ್ ಸಮ್ಮೇಳನ ಈ ಜಗಳಕ್ಕೆ ದಾರಿ ಹುಡುಕಿತು. ಮುಂದೆ ಮಾದರಿ ಫಿಲ್ಮ್‌ಗಳ ಒಂದು ಕಟ್ಟು ಸಿದ್ಧವಾಯಿತು. ರೋಗಿಯ ಫಿಲ್ಮನ್ನು ಮಾದರಿಯ ಪಕ್ಕದಲ್ಲಿಟ್ಟು ಸೊನ್ನೆಯಿಂದ ಮೂರರವರೆಗೆ ದರ್ಜೆ ಕೊಡುವ ಪದ್ಧತಿ ಬಂತು. ಶ್ವಾಸಕೋಶದ ನೆರಳಿಗೆ ಅಂಕ ಕೊಡುವ ರೂಢಿಯ ಬೇರು ಇಲ್ಲಿದೆ.

ಬಳ್ಳಾರಿ ರಸ್ತೆಯ ಪಾಠ

ಇನ್ನೊಂದು ಬೇರು ಕ್ಷಯರೋಗದ್ದು. ಬ್ರೆಜಿಲ್‌ನ ಮನೋಯೆಲ್ ಡಿ ಅಬ್ರೂ 1936ರಲ್ಲಿ ಸಣ್ಣ ಫಿಲ್ಮಿನಲ್ಲಿ ಬೇಗಬೇಗ ಎದೆಯ ಚಿತ್ರ ತೆಗೆಯುವ ವಿಧಾನ ರೂಪಿಸಿದ ಮೇಲೆ ಊರಿಗೆ ಊರೇ ಎಕ್ಸ್‌ರೇ ತೆಗೆಸಿಕೊಳ್ಳುವ ಕಾಲ ಬಂತು. ಆಗ ಒಂದು ಕಟುಸತ್ಯ ಹೊರಬಿತ್ತು. ಅಮೆರಿಕದಲ್ಲಿ 1947ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಐವರು ಅನುಭವಿ ವೈದ್ಯರು 1,256 ಜನರ ಫಿಲ್ಮ್‌ಗಳನ್ನು ಓದಿದ್ದರು. ಯಾವ ಅಳತೆಯ ಫಿಲ್ಮ್ ಒಳ್ಳೆಯದು ಎಂದು ತಿಳಿಯುವುದು ಉದ್ದೇಶವಾಗಿತ್ತು. ತಿಳಿದದ್ದು ಬೇರೆಯೇ: ಫಿಲ್ಮ್ ಫಿಲ್ಮಿನ ನಡುವಿನ ವ್ಯತ್ಯಾಸಕ್ಕಿಂತ ಓದುವವರ ನಡುವಿನ ವ್ಯತ್ಯಾಸ ದೊಡ್ಡದು. ಅದೇ ವೈದ್ಯರು ಅದೇ ಫಿಲ್ಮನ್ನು ಎರಡನೇ ಸಲ ನೋಡಿದಾಗ ತಮ್ಮ ಮಾತನ್ನೇ ಬದಲಿಸಿದ್ದೂ ಉಂಟು.

ಈ ಅರಿವು ಬೆಂಗಳೂರಿನಲ್ಲಿ ಕೆಲಸಕ್ಕೆ ಬಂತು. ಬಳ್ಳಾರಿ ರಸ್ತೆಯ ‘ಅವಲಾನ್’ ಬಂಗಲೆಯಲ್ಲಿ ನೆಲೆಗೊಂಡ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು 1960ರ ಸೆಪ್ಟೆಂಬರ್ 16ರಂದು ಪ್ರಧಾನಿ ನೆಹರೂ ಉದ್ಘಾಟಿಸಿದರು. ಅದರ ಎಕ್ಸ್‌ರೇ ವ್ಯಾನ್‌ಗಳು ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೊರಟವು. ಮುಂದೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಐದು ವರ್ಷಗಳ ದೀರ್ಘ ಅಧ್ಯಯನವೂ ನಡೆಯಿತು. ಪ್ರತಿ ಫಿಲ್ಮನ್ನೂ ಇಬ್ಬರು ಬೇರೆಬೇರೆಯಾಗಿ ಕೂತು ಓದಬೇಕು, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ತಿಳಿಯಕೂಡದು, ಭಿನ್ನಾಭಿಪ್ರಾಯ ಬಂದರೆ ಮೂರನೆಯವರು ಅಂಪೈರ್. ಓದುವ ಕಣ್ಣು ತಪ್ಪಬಹುದು ಎಂದು ಮೊದಲೇ ಒಪ್ಪಿಕೊಂಡು ಕಟ್ಟಿದ ವ್ಯವಸ್ಥೆ ಅದು.

ಇದೇ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆ್ಯಂಡರ್ಸನ್ ತುಮಕೂರಿನ ರೋಗಿಗಳನ್ನು ಮಾತಾಡಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಜಗತ್ತಿನ ಗಮನ ಸೆಳೆಯಿತು. ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆಯ ಬಾಗಿಲು ತಟ್ಟಿ, ಕೆಮ್ಮಿನ ಔಷಧಿಯ ಬಾಟಲಿ ಹಿಡಿದು ವಾಪಸು ಬಂದಿದ್ದರು. ಹಾಗಿದ್ದ ಮೇಲೆ ದುಬಾರಿ ವ್ಯಾನ್ ಮನೆಮನೆಗೆ ಕಳಿಸುವ ಬದಲು, ಕೆಮ್ಮೆಂದು ಬಂದವರ ಕಫ ಪರೀಕ್ಷೆ ಮಾಡಿದರೆ ಸಾಲದೆ? ಅಧ್ಯಯನ ಪ್ರಕಟವಾಗುವ ಮೊದಲೇ, 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮವೂ ಕಫ ಪರೀಕ್ಷೆಗೇ ಮೊದಲ ಮಣೆ ಹಾಕಿತು. ಆ ಕಾಲದ ಬಡ ದೇಶಕ್ಕೆ ಅದು ವಿವೇಕದ ತೀರ್ಮಾನವೇ ಆಗಿತ್ತು. ಎಕ್ಸ್‌ರೇ ಹಿಂದಿನ ಸಾಲಿಗೆ ಸರಿಯಿತು.

ರಾಜಾಜಿನಗರದ ಇಎಸ್‌ಐ

ಕ್ಷಯದ ವಿಷಯದಲ್ಲಿ ಹಿಂದೆ ಸರಿದ ಎಕ್ಸ್‌ರೇ ದೂಳಿನ ರೋಗಗಳಿಗೆ ಬೇಕೇ ಇತ್ತು. ಪಶ್ಚಿಮ ಬೆಂಗಳೂರು ಕೈಕೆಲಸದವರ ಬೆಂಗಳೂರು. ಒಂದು ಕಾಲಕ್ಕೆ ಬಿನ್ನಿಮಿಲ್, ಮಾಗಡಿ ರಸ್ತೆಯ ಮಿನರ್ವ ಮಿಲ್; ಜೊತೆಗೆ ರಾಜಾಜಿನಗರದ ಸಣ್ಣ ಕಾರ್ಖಾನೆಗಳು, ಆಚೆ ಪೀಣ್ಯ. ಹತ್ತಿಯ ಎಳೆ, ಲೋಹದ ಪುಡಿ, ಮನೆಯಂಗಳದಲ್ಲಿ ಹೊಸೆಯುವ ಊದುಬತ್ತಿಯ ಇದ್ದಿಲ ಪುಡಿ ಎಲ್ಲವೂ ಉಸಿರಿನೊಡನೆ ಒಳಗೆ ಹೋಗುವಂಥವೇ. ಕಾರ್ಮಿಕರ ರಾಜ್ಯ ವಿಮಾ (ಇಎಸ್‌ಐ) ಯೋಜನೆ ಬೆಂಗಳೂರಿಗೆ ಬಂದದ್ದು 1958ರಲ್ಲಿ. ಅದರ ಆಸ್ಪತ್ರೆ ರಾಜಾಜಿನಗರದಲ್ಲಿ ಬೆಳೆದು ಇಂದು ವೈದ್ಯಕೀಯ ಕಾಲೇಜಾಗಿದೆ. ಈ ವಿಮೆಯ ಕಾನೂನು ಸಿಲಿಕೋಸಿಸ್, ಹತ್ತಿ ದೂಳಿನ ಬಿಸಿನೋಸಿಸ್‌ಗಳನ್ನು ವೃತ್ತಿರೋಗಗಳೆಂದು ಹೆಸರಿಸಿದೆ. ಸಿಲಿಕೋಸಿಸ್‌ನಂಥ ದೂಳಿನ ರೋಗವನ್ನು ಸಾಬೀತು ಮಾಡುವಾಗ ಕಾರ್ಮಿಕನ ಪರವಾಗಿ ನಿಲ್ಲುವ ಮೊದಲ ಸಾಕ್ಷಿ ಎದೆಯ ಚಿತ್ರ. ‘ಏನು ಕೆಲಸ ಮಾಡ್ತಿದ್ರಿ, ಎಷ್ಟು ವರ್ಷ?’ ಎಂಬ ಪ್ರಶ್ನೆಯ ಉತ್ತರ ರೇಡಿಯಾಲಜಿಸ್ಟ್ ಕೈಗೆ ತಲುಪಿದರೆ ಮಾತ್ರ ಆ ಸಾಕ್ಷಿಗೆ ಬಲ. ಹೆಸರು, ವಯಸ್ಸು ಬಿಟ್ಟು ಬೇರೇನೂ ಇಲ್ಲದ ಚೀಟಿ ಹಿಡಿದು ಬಂದ ಎಕ್ಸ್‌ರೇಯಲ್ಲಿ ಸಿಲಿಕೋಸಿಸ್ ಬಹಳ ಸುಲಭವಾಗಿ ಟಿ.ಬಿ. ಎನಿಸಿಕೊಳ್ಳುತ್ತದೆ.

ಐದು ಹಾಲೆ, ಐದೈದು ಅಂಕ

1971ರಲ್ಲಿ ಇಂಗ್ಲೆಂಡಿನಲ್ಲಿ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಯಂತ್ರ ಮೊದಲ ರೋಗಿಯ ತಲೆಯ ಚಿತ್ರ ತೆಗೆಯಿತು. ಮುಂದೆ ಅದೇ ವಿದ್ಯೆ ಎದೆಗೂ ಬಂತು. ಒಂದರ ಮೇಲೊಂದು ಬಿದ್ದ ನೆರಳುಗಳ ಬದಲು ಪದರಪದರವಾಗಿ ಬಿಡಿಸಿಟ್ಟ ಶ್ವಾಸಕೋಶ ಕಣ್ಣಿಗೆ ಸಿಕ್ಕಿತು.

2003ರ ಸಾರ್ಸ್ ಪಿಡುಗಿನ ನಂತರ ತೈವಾನ್‌ನ ವೈದ್ಯರು ಚೇತರಿಸಿಕೊಂಡವರ ಶ್ವಾಸಕೋಶದಲ್ಲಿ ಎಷ್ಟು ಹಾನಿ ಉಳಿದಿದೆ ಎಂದು ಅಳೆಯಲು ಒಂದು ಸರಳ ಲೆಕ್ಕ ಬಳಸಿದರು. ಶ್ವಾಸಕೋಶದ ಬಲಗಡೆ ಮೂರು ಹಾಲೆ, ಅಂದರೆ ವಿಭಾಗ; ಎಡಗಡೆ ಎರಡು. ಪ್ರತಿ ಹಾಲೆಗೂ ಸೊನ್ನೆಯಿಂದ ಐದು: ಶೇ 5ಕ್ಕಿಂತ ಕಡಿಮೆ ಭಾಗ ಕೆಟ್ಟಿದ್ದರೆ ಒಂದು, ಶೇ 75ಕ್ಕಿಂತ ಹೆಚ್ಚಿದ್ದರೆ ಐದು. ಒಟ್ಟು 25. 2020ರ ಆರಂಭದಲ್ಲಿ ವುಹಾನ್‌ನ ವೈದ್ಯರು ಇದೇ ಲೆಕ್ಕವನ್ನು ಕೋವಿಡ್‌ಗೆ ಹಚ್ಚಿ, ರೋಗಲಕ್ಷಣ ಶುರುವಾದ ಹತ್ತನೇ ದಿನದ ಹೊತ್ತಿಗೆ ಹಾನಿ ಶಿಖರ ಮುಟ್ಟುತ್ತದೆ ಎಂದು ತೋರಿಸಿದರು. ಅದೇ ವರ್ಷ ನೆದರ್ಲೆಂಡ್ಸ್‌ನ ರೇಡಿಯಾಲಜಿಸ್ಟ್‌ಗಳು ಕೋ-ರಾಡ್ಸ್ ಎಂಬ ಇನ್ನೊಂದು ಮಾಪನ ಕಟ್ಟಿದರು: ಚಿತ್ರದಲ್ಲಿರುವುದು ಕೋವಿಡ್ ಇರಬಹುದೆಂಬ ಶಂಕೆ ಎಷ್ಟು ಬಲವಾದದ್ದು ಎಂಬುದಕ್ಕೆ ಒಂದರಿಂದ ಐದು, ಪರೀಕ್ಷೆಯಲ್ಲಿ ಸೋಂಕು ಖಚಿತವಾಗಿದ್ದರೆ ಆರು. ಈ ಎರಡೂ ಅಂಕಿಗಳು ವಿಜಯನಗರದ ರಿಪೋರ್ಟುಗಳಿಗೆ ಬಂದದ್ದು ಹೀಗೆ.

ಓದುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಅದರ ಭಾರ ತಿಳಿಯುತ್ತದೆ. ಒಳಗೆ ಪಿಪಿಇ ಕಿಟ್ ತೊಟ್ಟ ಟೆಕ್ನಿಷಿಯನ್ ರೋಗಿಯನ್ನು ಮಲಗಿಸಿ, ಕೈ ಮೇಲೆತ್ತಿಸಿ, ‘ಉಸಿರು ಎಳೆದು ಹಿಡ್ಕೊಳ್ಳಿ’ ಎನ್ನುತ್ತಾರೆ. ಕೆಮ್ಮು ತಡೆಯಲಾಗದವರಿಗೆ ಆ ಕೆಲವು ಸೆಕೆಂಡುಗಳೇ ಯುಗ. ಆಚೆಯ ಮಬ್ಬುಗತ್ತಲ ಕೋಣೆಯ ಪರದೆಗೆ ಮುನ್ನೂರರಷ್ಟು ತೆಳು ಪದರಗಳು ಬರುತ್ತವೆ. ರೇಡಿಯಾಲಜಿಸ್ಟ್ ಮೌಸ್‌ನ ಗಾಲಿ ತಿರುಗಿಸುತ್ತಾ ಕುತ್ತಿಗೆಯ ಬುಡದಿಂದ ವಪೆಯವರೆಗೆ ಇಳಿದು, ಮತ್ತೆ ಮೇಲೇರುತ್ತಾರೆ. ಗಾಳಿ ತುಂಬಿದ ಶ್ವಾಸಕೋಶ ಕಪ್ಪಗಿರಬೇಕು. ಬೆನ್ನಿನ ಕಡೆ, ಅಂಚುಗಳಲ್ಲಿ, ಬಚ್ಚಲುಮನೆ ಕಿಟಕಿಯ ಮಸುಕು ಗಾಜಿನಂಥ ಬಿಳಿಚು ಕಂಡರೆ ಸಂಶಯ. ಅದು ಗಟ್ಟಿ ಬಿಳುಪಾಗಿದೆಯೆ? ಯಾವ ಹಾಲೆ, ಎಷ್ಟು ಭಾಗ? ಜೊತೆಗೆ ಹಳೆಯ ಟಿ.ಬಿ.ಯ ಗುಳಿ, ಯಾರೂ ಅನುಮಾನಿಸದ ಗಂಟು, ಎದೆಗೂಡಿಗೆ ಸೋರಿದ ಗಾಳಿ ಇದೆಯೆ? ಎಲ್ಲರೂ ಕೋವಿಡ್ ಹುಡುಕುತ್ತಿದ್ದ ದಿನಗಳಲ್ಲಿ ಕೋವಿಡ್ ಅಲ್ಲದ್ದನ್ನೂ ಹುಡುಕುವುದು ಅವರ ಹೊಣೆಯಾಗಿತ್ತು.

ಬೇಕೆ, ಬೇಡವೆ

ಎರಡನೇ ಅಲೆಯಲ್ಲಿ ಆರ್‌ಟಿ–ಪಿಸಿಆರ್ ವರದಿಗೆ ದಿನಗಟ್ಟಲೆ ಕಾಯಬೇಕಿತ್ತು. ವರದಿ ನೆಗೆಟಿವ್ ಬಂದರೂ ಉಸಿರು ಕಟ್ಟುತ್ತಿದ್ದವರಿದ್ದರು. ಸೋಂಕು ದೃಢಪಟ್ಟವರಿಗೆ ಕೊಡುತ್ತಿದ್ದ ಬಿಯು ನಂಬರ್ ಇಲ್ಲದೆ ಬಿಬಿಎಂಪಿ ಹಾಸಿಗೆ ಸಿಗುತ್ತಿರಲಿಲ್ಲ. ಅಂಥವರ ಪಾಲಿಗೆ ವೈದ್ಯರ ಮುಂದಿಡಲು ಇದ್ದ ಆಧಾರ ಸಿ.ಟಿ. ಒಂದೇ. ಆದರೆ ಸಣ್ಣ ಜ್ವರಕ್ಕೂ, ಮೊದಲ ದಿನವೇ, ಮನೆಮಂದಿಯೆಲ್ಲ ಸ್ಕ್ಯಾನ್‌ಗೆ ಓಡುವ ಗಾಬರಿಯೂ ಹಬ್ಬಿತು. 2021ರ ಮೇ 3ರಂದು ಏಮ್ಸ್ ನಿರ್ದೇಶಕ ಡಾ. ರಣದೀಪ್ ಗುಲೇರಿಯಾ, ಒಂದು ಸಿ.ಟಿ. 300–400 ಎಕ್ಸ್‌ರೇಗಳಿಗೆ ಸಮ ಎಂದು ಎಚ್ಚರಿಸಿದರು. ಭಾರತೀಯ ರೇಡಿಯಾಲಜಿಸ್ಟ್‌ಗಳ ಸಂಘ ಅದನ್ನು ಖಂಡಿಸಿತು: ಅದು ದಶಕಗಳ ಹಿಂದಿನ ಲೆಕ್ಕ, ಇಂದಿನ ಕಡಿಮೆ ವಿಕಿರಣದ ಸಿ.ಟಿ. 5–10 ಎಕ್ಸ್‌ರೇಗಳಷ್ಟೇ ಎಂದಿತು. ಅದೇ ತಿಂಗಳು ರಾಜ್ಯ ಸರ್ಕಾರ ಸ್ಕ್ಯಾನ್ ದರಕ್ಕೆ ಮಿತಿ ಹಾಕಿತು: ಬಿಪಿಎಲ್ ಕುಟುಂಬಗಳಿಗೆ ₹1,500, ಉಳಿದವರಿಗೆ ₹2,500.

ವಿಕಿರಣದ ಲೆಕ್ಕದಲ್ಲಿ ಯಾರ ಮಾತು ಗೆದ್ದಿತು ಎನ್ನುವುದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಲಕ್ಷಣ ಕಂಡ ಮೊದಲ ದಿನಗಳಲ್ಲಿ ಸ್ಕ್ಯಾನ್ ಸ್ವಚ್ಛವಾಗಿಯೇ ಇರಬಹುದು. ಆ ಸ್ವಚ್ಛ ರಿಪೋರ್ಟ್ ಕೈಯಲ್ಲಿ ಹಿಡಿದು ನಿಶ್ಚಿಂತರಾಗುವುದು ಸಾಂಕ್ರಾಮಿಕದ ನಡುವೆ ದೊಡ್ಡ ಅಪಾಯ. ಅಂಕ ಎಷ್ಟೇ ಇರಲಿ, ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ ಏನು ಹೇಳುತ್ತದೆ, ರೋಗಿ ಹೇಗಿದ್ದಾರೆ ಎಂಬುದರ ಜೊತೆಗಿಟ್ಟು ನೋಡಿದರೆ ಮಾತ್ರ ಅದಕ್ಕೆ ಅರ್ಥ. ‘ಈಗ ಸ್ಕ್ಯಾನ್ ಬೇಡ’ ಎನ್ನುವುದೂ ರೇಡಿಯಾಲಜಿಸ್ಟ್ ಕೊಡಬೇಕಾದ ಸಲಹೆಯೇ. ಇನ್ನು ಹಾಸಿಗೆಯಿಂದ ಅಲ್ಲಾಡಿಸಲಾಗದ ಐಸಿಯು ರೋಗಿಗಳ ಪಾಲಿಗೆ ದಿನನಿತ್ಯ ಒದಗಿ ಬಂದದ್ದು ಚಕ್ರದ ಮೇಲೆ ತಳ್ಳಿಕೊಂಡು ಬರುವ ಹಳೆಯ ಎಕ್ಸ್‌ರೇ ಯಂತ್ರವೇ.

ಮತ್ತೆ ಎಕ್ಸ್‌ರೇ

2019ರಿಂದ 2021ರವರೆಗೆ, ಸಾಂಕ್ರಾಮಿಕದ ನಡುವೆಯೇ, ರಾಷ್ಟ್ರೀಯ ಕ್ಷಯ ಸಮೀಕ್ಷೆ ನಡೆಯಿತು. ಎದೆಯ ಎಕ್ಸ್‌ರೇ ತೆಗೆಯದೆ ಲಕ್ಷಣಗಳನ್ನಷ್ಟೇ ಕೇಳಿದ್ದರೆ ಶೇ 42.6ರಷ್ಟು ರೋಗಿಗಳು ಕೈತಪ್ಪಿ ಹೋಗುತ್ತಿದ್ದರು ಎಂದು ಅದು ಕಂಡಿತು. ಕೆಮ್ಮಿಲ್ಲದೆ, ಜ್ವರವಿಲ್ಲದೆ ರೋಗ ಹೊತ್ತು ತಿರುಗುವವರನ್ನು ಹಿಡಿಯಲು ಎಕ್ಸ್‌ರೇ ಮತ್ತೆ ಮುಂದಿನ ಸಾಲಿಗೆ ಬಂದಿದೆ. ಕೈಯಲ್ಲಿ ಹಿಡಿದೊಯ್ಯುವ ಯಂತ್ರಗಳು ಕ್ಷಯ ಅಭಿಯಾನಗಳಲ್ಲಿ ಊರೂರು ಸುತ್ತುತ್ತಿವೆ. ಓದುವ ಕೆಲಸಕ್ಕೆ ಕಂಪ್ಯೂಟರ್ ಕೂಡ ಸೇರಿದೆ. 2021ರಲ್ಲಿ ಐಐಎಸ್‌ಸಿಯ ಆರ್ಟ್‌ಪಾರ್ಕ್, ಬೆಂಗಳೂರಿನ ನಿರಾಮಯ್ ಸಂಸ್ಥೆಯೊಡನೆ ‘ಎಕ್ಸ್‌ರೇಸೇತು’ ರೂಪಿಸಿತು. ಹಳ್ಳಿಯ ವೈದ್ಯರು ಫಿಲ್ಮಿನ ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ನಿಮಿಷಗಳಲ್ಲಿ ಉತ್ತರ ಸಿಗುತ್ತಿತ್ತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ 15 ವರ್ಷ ತುಂಬಿದವರ ಕ್ಷಯ ತಪಾಸಣೆಯಲ್ಲಿ ಕಂಪ್ಯೂಟರ್ ಓದಿಗೆ ಒಪ್ಪಿಗೆ ಕೊಟ್ಟಿತು.

ಹಾಗಾದರೆ ಮನುಷ್ಯರ ಕಣ್ಣು ಬೇಡವೆ? ಬೇಕು, ಮೊದಲಿಗಿಂತ ಹೆಚ್ಚಾಗಿ ಬೇಕು. ದೇಶದ 27 ಕೇಂದ್ರಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು, ಶ್ವಾಸಕೋಶದ ಅಂಗಾಂಶ ಗಟ್ಟಿಯಾಗುವ ರೋಗಗಳಲ್ಲಿ ಶೇ 47.3ರಷ್ಟು ಹೊರಗಿನ ಕಣಗಳಿಗೆ ದೇಹ ಅತಿಯಾಗಿ ಸ್ಪಂದಿಸುವುದರಿಂದ ಬಂದವು ಎಂದಿತು. ಕಾರಣಗಳಲ್ಲಿ ಏರ್ ಕೂಲರ್ ಇದೆ, ಪಾರಿವಾಳಗಳ ಹಿಕ್ಕೆಯಿದೆ. ಬಸವೇಶ್ವರನಗರದ ಅಪಾರ್ಟ್‌ಮೆಂಟಿನ ಕಿಟಕಿಯಲ್ಲಿ ಪಾರಿವಾಳ ಗೂಡು ಕಟ್ಟಿದೆಯೆ, ಕೆಂಗೇರಿಯಿಂದ ಬಂದವರು ಕಲ್ಲು ಕೊರೆಯುವ ಕೆಲಸದಲ್ಲಿದ್ದರೆ ಎಂದು ಫಿಲ್ಮ್ ತಾನಾಗಿ ಹೇಳುವುದಿಲ್ಲ. ಚಿತ್ರವನ್ನೂ ಬದುಕನ್ನೂ ಜೋಡಿಸಿ ನೋಡಲು ಶ್ವಾಸಕೋಶ ತಜ್ಞರೂ ರೇಡಿಯಾಲಜಿಸ್ಟರೂ ಒಟ್ಟಿಗೆ ಕೂರಬೇಕು.

ಓದುಗರು ಮಾಡಬಹುದಾದದ್ದೂ ಇದೆ. ಹಳೆಯ ಎಕ್ಸ್‌ರೇ, ಸಿ.ಡಿ., ರಿಪೋರ್ಟುಗಳನ್ನು ಎಸೆಯಬೇಡಿ. ಹೊಸ ಸ್ಕ್ಯಾನ್‌ಗೆ ಹೋಗುವಾಗ ಜೊತೆಗೆ ಒಯ್ಯಿರಿ. ಹೋದ ವರ್ಷವೂ ಇದ್ದ ಕಲೆ ಯಾವುದು, ಹೊಸದಾಗಿ ಮೂಡಿದ್ದು ಯಾವುದು ಎಂದು ಹೇಳಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಮಾಡಿದ ಕೆಲಸ, ಹಳೆಯ ಕಾಯಿಲೆ, ಬೀಡಿ–ಸಿಗರೇಟಿನ ವಿವರಗಳನ್ನು ಮುಚ್ಚಿಡದೆ ಬರೆಸಿ.

ಸರ್ಕಾರ ಮಾಡಬೇಕಾದದ್ದು ಇನ್ನೂ ದೊಡ್ಡದು. ಬಳ್ಳಾರಿ ರಸ್ತೆಯ ಸಂಸ್ಥೆ ಅರವತ್ತರ ದಶಕದಲ್ಲೇ ದಾರಿ ತೋರಿಸಿದೆ: ಒಂದು ಓದು ಸಾಲದು, ಇನ್ನೊಂದು ಬೇಕು, ತಕರಾರಿಗೆ ಅಂಪೈರ್ ಬೇಕು. ಮೊದಲ ಓದು ಕಂಪ್ಯೂಟರ್‌ನದಾಗಲಿ. ಕೊನೆಯ ಮಾತು ತರಬೇತಾದ, ಹೆಸರು ಹಾಕಿ ಹೊಣೆ ಹೊರುವ ವೈದ್ಯರದ್ದೇ ಆಗಿರಲಿ. ಯಂತ್ರ ಇಟ್ಟು ಓದುವವರನ್ನು ನೇಮಿಸದ ತಾಲ್ಲೂಕು ಆಸ್ಪತ್ರೆಯಲ್ಲಿ ಆ ಯಂತ್ರ ಅರ್ಧ ಉಪಕರಣ ಮಾತ್ರ. ಉಳಿದರ್ಧವನ್ನು ಮುಂದಿನ ಸಾಂಕ್ರಾಮಿಕ ಬರುವ ಮೊದಲೇ ಒದಗಿಸಬೇಕು. ಬಂದ ಮೇಲೆ ರೇಡಿಯಾಲಜಿಸ್ಟ್‌ಗಳನ್ನು ತಯಾರು ಮಾಡಲು ಸಮಯವಿರುವುದಿಲ್ಲ.