ಬಿಡಬೇಕಾದಲ್ಲಿ ಬಿಡುವ ರಕ್ತ

ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಆಕ್ಸಿಮೀಟರ್ ಈಗಲೂ ಎಷ್ಟೋ ಮನೆಗಳ ಡ್ರಾಯರಿನಲ್ಲಿದೆ. 97 ಎಂದು ತೋರಿಸಿದರೆ ಮನೆಮಂದಿಗೆಲ್ಲ ನಿರಾಳ. ಹಿಮೊಗ್ಲೋಬಿನ್ನಿನಲ್ಲಿ ನೂರಕ್ಕೆ ಎಷ್ಟು ಪಾಲು ಆಮ್ಲಜನಕ ಹೊತ್ತು ಹೊರಟಿದೆ ಎಂಬುದಷ್ಟೇ ಅದರ ಲೆಕ್ಕ. ಹೊತ್ತದ್ದನ್ನು ಇಳಿಸುವ ಕಥೆ ಅದಕ್ಕೆ ಗೊತ್ತಿಲ್ಲ. ನನಗಂತೂ ಆ ಕಥೆಯೇ ಹೆಚ್ಚು ರೋಚಕ.

ಒಂದು ಕೆಂಪು ರಕ್ತಕಣದಲ್ಲಿ ಸುಮಾರು 27 ಕೋಟಿ ಹಿಮೊಗ್ಲೋಬಿನ್ ಅಣುಗಳಿರುತ್ತವೆ. ಅಣುವೊಂದಕ್ಕೆ ನಾಲ್ಕು ಕಬ್ಬಿಣದ ಪರಮಾಣು, ಪ್ರತಿಯೊಂದಕ್ಕೂ ಒಂದು ಆಮ್ಲಜನಕ. ಶ್ವಾಸಕೋಶದಲ್ಲಿ ಮೊದಲನೆಯದು ಅಂಟಿತೆಂದರೆ ಅಣುವಿನ ಆಕಾರ ತುಸು ಹೊರಳಿ ಉಳಿದವು ಸಲೀಸಾಗಿ ಬಂದು ಕೂರುತ್ತವೆ. ಈ ಅಣುವಿನ ರಚನೆ ಬಿಡಿಸಲು ಕೇಂಬ್ರಿಡ್ಜಿನ ಮ್ಯಾಕ್ಸ್ ಪೆರುಟ್ಜ್ ಎರಡು ದಶಕ ದುಡಿದರು. 1962ರಲ್ಲಿ ನೊಬೆಲ್ ಬಂತು.

ಸರಿ, ಇಷ್ಟು ಬಿಗಿಯಾಗಿ ಹಿಡಿದದ್ದನ್ನು ಬಿಡಿಸುವವರು ಯಾರು? ನಾವು ಕಸವೆಂದು ಬಗೆದ ಇಂಗಾಲದ ಡೈಆಕ್ಸೈಡೇ! 1904ರಲ್ಲಿ ಇದನ್ನು ತೋರಿಸಿಕೊಟ್ಟವರು ಕೋಪನ್‌ಹೇಗನ್ನಿನ ಕ್ರಿಶ್ಚಿಯನ್ ಬೋರ್ ಮತ್ತು ಸಂಗಡಿಗರು. (ಪರಮಾಣುವಿನ ನೀಲ್ಸ್ ಬೋರ್ ಇವರ ಮಗ.) ಮೆಟ್ಟಿಲು ಹತ್ತುವಾಗ ತೊಡೆಯ ಸ್ನಾಯು ದುಡಿದಷ್ಟೂ ಈ ಅನಿಲ ಹುಟ್ಟುತ್ತದೆ. ರಕ್ತಕಣದೊಳಗೆ ನುಗ್ಗಿ ನೀರಿನೊಂದಿಗೆ ಬೆರೆತು ಕಾರ್ಬಾನಿಕ್ ಆಮ್ಲವಾಗುತ್ತದೆ. ಗೋಲಿ ಸೋಡಾದ ಚುರುಕಿಗೂ ಇದೇ ಆಮ್ಲ ಕಾರಣ. ಆಮ್ಲೀಯತೆ ಒಂಚೂರು ಏರಿತೋ, ಹಿಮೊಗ್ಲೋಬಿನ್ನಿನ ಹಿಡಿತ ಸಡಿಲ. ಹೆಚ್ಚು ದುಡಿದ ಸ್ನಾಯುವಿಗೆ ಹೆಚ್ಚು ಆಮ್ಲಜನಕ, ಅರ್ಜಿ ಹಾಕುವ ಗೋಜೇ ಇಲ್ಲ.

ಮರಳುವ ದಾರಿಯಲ್ಲಿ ಇಂಗಾಲದ ಡೈಆಕ್ಸೈಡಿನ ಸುಮಾರು ಶೇ 70 ಪಾಲು ಬೈಕಾರ್ಬನೇಟ್ ರೂಪದಲ್ಲಿ ಸಾಗುತ್ತದೆ. ಒಂದಿಷ್ಟು ಹಿಮೊಗ್ಲೋಬಿನ್ನಿಗೇ ಅಂಟಿಕೊಂಡರೆ, ಉಳಿದದ್ದು ಹಾಗೆಯೇ ಕರಗಿರುತ್ತದೆ. ಶ್ವಾಸಕೋಶದಲ್ಲಿ ಹೊಸ ಆಮ್ಲಜನಕ ಬಂದು ಕೂರುತ್ತಲೇ ಇದಕ್ಕೆ ಹೊರದಾರಿ. ಇದನ್ನು 1914ರಲ್ಲಿ ವಿವರಿಸಿದವರಲ್ಲಿ ಜಾನ್ ಸ್ಕಾಟ್ ಹಾಲ್ಡೇನ್ ಒಬ್ಬರು.

ವಿಷಾನಿಲದ ಸುಳಿವಿಗಾಗಿ ಕಲ್ಲಿದ್ದಲು ಗಣಿಗೆ ಕ್ಯಾನರಿ ಹಕ್ಕಿ ಒಯ್ಯಿರಿ ಎಂದವರೂ ಇದೇ ಹಾಲ್ಡೇನ್. ಆ ಅನಿಲ ಕಾರ್ಬನ್ ಮೊನಾಕ್ಸೈಡ್. ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದು ಕಬ್ಬಿಣವನ್ನು ಕಚ್ಚಿಕೊಳ್ಳುತ್ತದೆ. ಪಕ್ಕದಲ್ಲಿ ಉಳಿದ ಆಮ್ಲಜನಕವನ್ನೂ ಸುಲಭಕ್ಕೆ ಇಳಿಯಗೊಡದು. ಚಳಿಗೆಂದು ಕಿಟಕಿ ಮುಚ್ಚಿ ಇದ್ದಿಲ ಕೆಂಡ ಇಟ್ಟು ಮಲಗುವುದು, ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಸುವುದು ಪ್ರಾಣಕ್ಕೇ ಎರವಾಗುವುದು ಇದರಿಂದಲೇ. ಬೆರಳಿನ ಯಂತ್ರವನ್ನು ಆಗ ನಂಬಿ ಕೂರಬೇಡಿ. ಎರಡು ಬಗೆಯ ಬೆಳಕಿನಿಂದ ಅಳೆಯುವ ಅದಕ್ಕೆ ಮೊನಾಕ್ಸೈಡ್ ಹೊತ್ತ ರಕ್ತವೂ ಆಮ್ಲಜನಕದ ರಕ್ತದಂತೆಯೇ ಕಂಡು, ಪ್ರಜ್ಞೆ ತಪ್ಪಿದವರಲ್ಲೂ 98 ಎಂದೀತು. ಬಾಗಿಲು ತೆರೆದು ಅವರನ್ನು ಹೊರಗೆ ತಂದು, ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಬರೀ ಗಾಳಿಯಲ್ಲಿ ರಕ್ತದ ಮೊನಾಕ್ಸೈಡ್ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಹಿಡಿದರೆ, ಮಾಸ್ಕ್ ಹಾಕಿ ಶುದ್ಧ ಆಮ್ಲಜನಕ ಕೊಟ್ಟಾಗ ಒಂದೂವರೆ ಗಂಟೆಯೊಳಗೆ ಇಳಿಯುತ್ತದೆ.